ಗಣಕಯಂತ್ರವೂ ಮನೆಯ ತೆರೆಯೂ: ಒಂದು ಜೋಡಣೆಯ ಚರಿತ್ರೆ

1. ಪೀಠಿಕೆ

ಲ್ಯಾಪ್‌ಟಾಪ್ ಗಣಕಯಂತ್ರವನ್ನು ಟೆಲಿವಿಷನ್ನಿಗೆ ಜೋಡಿಸುವುದು ಈಗ ಬಹು ಸುಲಭವಾದ ಕೆಲಸ. ಎಚ್‌ಡಿಎಂಐ ಎಂಬ ಹೆಸರಿನ ಕೇಬಲ್ಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೂ ಇನ್ನೊಂದು ತುದಿಯನ್ನು ಟೆಲಿವಿಷನ್ನಿಗೂ ಸಿಕ್ಕಿಸಿ, ತಕ್ಕ ದ್ವಾರವನ್ನು ಆರಿಸಿದರೆ ಸಾಕು. ಚಿತ್ರವೂ ಧ್ವನಿಯೂ ಒಟ್ಟಿಗೆ ಬರುತ್ತವೆ. ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರೂ ಮನೆಯಲ್ಲಿ ಚಲನಚಿತ್ರ ನೋಡುವ ಸಂಸಾರಸ್ಥರೂ ಇದನ್ನು ನಿತ್ಯವೂ ಮಾಡುತ್ತಾರೆ. ಇಷ್ಟು ಸಾಮಾನ್ಯವಾದ ಕಾರ್ಯಕ್ಕೆ ಚರಿತ್ರೆಯೆಂಬುದು ಇದೆಯೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ.

ಈ ಜೋಡಣೆಯಲ್ಲಿ ಆಗಾಗ ತಲೆದೋರುವ ಎರಡು ತೊಡಕುಗಳನ್ನು ಅನೇಕರು ಕಂಡಿರಬಹುದು. ಲ್ಯಾಪ್‌ಟಾಪಿನಲ್ಲಿ ಪೂರ್ತಿಯಾಗಿ ಕಾಣುವ ಚಿತ್ರದ ನಾಲ್ಕು ಅಂಚುಗಳೂ ಟೆಲಿವಿಷನ್ನಿನಲ್ಲಿ ಕತ್ತರಿಸಿ ಹೋದಂತೆ ತೋರುವುದು ಮೊದಲನೆಯದು. ಲ್ಯಾಪ್‌ಟಾಪಿನ ಸ್ವಂತ ತೆರೆಯ ಮೇಲೆ ಸರಾಗವಾಗಿ ನಡೆಯುತ್ತಿದ್ದ ಚಲನಚಿತ್ರವು ಕೇಬಲ್ಲನ್ನು ಸೇರಿಸಿದೊಡನೆ ಕಪ್ಪಾಗಿಬಿಡುವುದು ಎರಡನೆಯದು. ಇವನ್ನು ಯಂತ್ರದ ಅಥವಾ ಕೇಬಲ್ಲಿನ ದೋಷಗಳೆಂದು ತಿಳಿಯುವುದು ವಾಡಿಕೆ. ಆದರೆ ಇವು ಅನೇಕ ವೇಳೆ ಹಳೆಯ ಕಾಲದ ಶೇಷಗಳು. ಮೊದಲನೆಯದು ಗಾಜಿನ ನಳಿಕೆಯ ಟೆಲಿವಿಷನ್ನಿನಿಂದ ಉಳಿದು ಬಂದ ಪದ್ಧತಿ. ಎರಡನೆಯದು ತೆರೆಯ ಮೇಲೆ ಏನು ಮೂಡಬೇಕೆಂದು ನಿರ್ಣಯಿಸುವ ಅಧಿಕಾರ ಯಾರದೆಂಬ ವಿವಾದದ ಫಲ.

ಈ ಲೇಖನದಲ್ಲಿ ನಾವು ಗಣಕಯಂತ್ರ ಮತ್ತು ಟೆಲಿವಿಷನ್ನುಗಳ ಸಂಬಂಧದ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ. ನಮ್ಮ ಪ್ರತಿಪಾದನೆ ಇಷ್ಟು: ಕಳೆದ ಐವತ್ತು ವರ್ಷಗಳಲ್ಲಿ ಚಿತ್ರದ ಗುಣವು ಒಂದೇ ಸಮನೆ ಏರುತ್ತ ಬಂದಿದೆ, ತೆರೆಯ ಮೇಲೆ ಗೃಹಸ್ಥನಿಗಿದ್ದ ಅಧಿಕಾರವಾದರೋ ಒಮ್ಮೆ ಏರಿ ಅನಂತರ ಇಳಿಯಿತು. ಈ ಎರಡು ಗತಿಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಈ ಚರಿತ್ರೆಯು ಬರಿಯ ಪ್ರಗತಿಯ ಕಥೆಯಾಗಿ ತೋರುವುದು.

2. ಒಂದೇ ನಳಿಕೆ, ಎರಡು ಯಂತ್ರಗಳು

ಗಣಕಯಂತ್ರಕ್ಕೂ ಟೆಲಿವಿಷನ್ನಿನ ನಳಿಕೆಗೂ ಆರಂಭದಿಂದಲೇ ನಂಟು ಉಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಫ್ರೆಡರಿಕ್ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಎಂಬ ವಿದ್ವಾಂಸರು ಕ್ಯಾಥೋಡ್ ಕಿರಣ ನಳಿಕೆಯನ್ನು ಗಣಕಯಂತ್ರದ ಸ್ಮೃತಿಕೋಶವಾಗಿ ಬಳಸುವ ಉಪಾಯವನ್ನು ಸಾಧಿಸಿದರು. ಈ ತತ್ತ್ವದ ಮೇಲೆ ನಿರ್ಮಿತವಾದ ಯಂತ್ರವು 1948ರ ಜೂನ್ 21ರಂದು ತನ್ನೊಳಗೇ ಸಂಗ್ರಹಿಸಿಟ್ಟ ಕ್ರಮವಿಧಿಯೊಂದನ್ನು ಮೊದಲ ಬಾರಿಗೆ ನಡೆಸಿತು. ಸ್ಮೃತಿಯಲ್ಲಿದ್ದ ಅಂಕೆಗಳು ಬೆಳಕಿನ ಚುಕ್ಕೆಗಳಾಗಿ ಮತ್ತೊಂದು ನಳಿಕೆಯ ಮುಖದ ಮೇಲೆ ಕಾಣುತ್ತಿದ್ದವು. ಲೆಕ್ಕದ ಉತ್ತರವನ್ನು ಅಲ್ಲಿಯೇ ಓದಿಕೊಳ್ಳಬೇಕಾಗಿದ್ದಿತು. ಅಮೆರಿಕದ ಎಂಐಟಿ ಸಂಸ್ಥೆಯ ವರ್ಲ್‌ವಿಂಡ್ ಯಂತ್ರಕ್ಕೂ ಇಂಥ ತೆರೆ ಇದ್ದಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ತಾನೇ ನಿರ್ಮಿಸಿ 1960ರಲ್ಲಿ ಕಾರ್ಯಕ್ಕೆ ತಂದ ಟಿಫ್ರಾಕ್ ಯಂತ್ರಕ್ಕೂ ರೇಖಾಚಿತ್ರಗಳನ್ನೂ ಅಕ್ಷರಗಳನ್ನೂ ತೋರಿಸಬಲ್ಲ ಕಿರಣನಳಿಕೆಯ ತೆರೆಯನ್ನು ಅಳವಡಿಸಲಾಗಿದ್ದಿತು.

ಆದರೆ ಈ ತೆರೆಗಳಿಗೂ ಮನೆಯ ಟೆಲಿವಿಷನ್ನಿಗೂ ಒಂದು ಮುಖ್ಯವಾದ ಭೇದವಿದ್ದಿತೆಂಬುದನ್ನು ಮರೆಯಲಾಗದು. ಪ್ರಯೋಗಶಾಲೆಯ ತೆರೆಯು ಅದರ ಮುಂದೆ ಕುಳಿತವನ ಆಜ್ಞೆಗೆ ಅಧೀನವಾದುದು. ಮನೆಯ ಟೆಲಿವಿಷನ್ ದೂರದ ಪ್ರಸಾರ ನಿಲಯವು ಕಳುಹಿಸಿದುದನ್ನು ಗ್ರಹಿಸುವುದಕ್ಕೆಂದೇ ರಚಿತವಾದುದು. ಅದನ್ನು ಕೊಂಡವನಿಗೆ ಚಾನೆಲ್ಲನ್ನು ಬದಲಾಯಿಸುವ, ಧ್ವನಿಯನ್ನು ಏರಿಸಿ ಇಳಿಸುವ ಸ್ವಾತಂತ್ರ್ಯವಿತ್ತೇ ಹೊರತು ತನ್ನದೊಂದು ಅಕ್ಷರವನ್ನು ಅದರ ಮೇಲೆ ಮೂಡಿಸುವ ಮಾರ್ಗವಿರಲಿಲ್ಲ. ಪೆಟ್ಟಿಗೆ ಅವನದು; ಚಿತ್ರ ಮಾತ್ರ ಪರರದು.

3. ಆಂಟೆನಾದ ದ್ವಾರ

ಈ ಸ್ಥಿತಿಯನ್ನು ಬದಲಿಸುವ ಆಲೋಚನೆಯು ಗಣಕಶಾಸ್ತ್ರಜ್ಞರಿಂದ ಬಂದುದಲ್ಲ. ಟೆಲಿವಿಷನ್ ತಂತ್ರವನ್ನು ಕಲಿತಿದ್ದ ಎಂಜಿನಿಯರೊಬ್ಬನಿಂದ ಬಂದಿತು. ಅಮೆರಿಕದ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯಲ್ಲಿದ್ದ ರಾಲ್ಫ್ ಬೇಯರ್ 1966ರ ಸೆಪ್ಟೆಂಬರಿನಲ್ಲಿ ನಾಲ್ಕು ಪುಟಗಳ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದನು. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಟವಾಡಬಹುದಾದ ಅಗ್ಗದ ಪೆಟ್ಟಿಗೆಯ ಕಲ್ಪನೆ ಅದರಲ್ಲಿದ್ದಿತು. ಇದರ ಫಲವಾಗಿ 1972ರಲ್ಲಿ ಮ್ಯಾಗ್ನವಾಕ್ಸ್ ಕಂಪೆನಿಯ ಒಡಿಸ್ಸಿ ಎಂಬ ಯಂತ್ರವು ಮಾರುಕಟ್ಟೆಗೆ ಬಂದಿತು. ಅದನ್ನು ಗಣಕಯಂತ್ರವೆಂದು ಕರೆಯಲಾಗದು. ಅದರಲ್ಲಿ ಕ್ರಮವಿಧಿಯನ್ನು ನಡೆಸುವ ಸಂಸ್ಕಾರಕವಿರಲಿಲ್ಲ, ಧ್ವನಿಯೂ ಇರಲಿಲ್ಲ. ಆದರೆ ಮುಂದಿನ ಹತ್ತು ವರ್ಷಗಳ ಕಾಲ ಅನೇಕ ಮನೆ ಗಣಕಯಂತ್ರಗಳು ಅನುಸರಿಸಿದ ದಾರಿಯನ್ನು ಅದು ತೋರಿಸಿಕೊಟ್ಟಿತು.

ಆ ದಾರಿ ಯಾವುದೆಂಬುದು ವಿಚಾರಾರ್ಹವಾಗಿದೆ. ಅಂದಿನ ಟೆಲಿವಿಷನ್ನುಗಳಲ್ಲಿ ಹೊರಗಿನಿಂದ ಚಿತ್ರವನ್ನು ಸ್ವೀಕರಿಸಲು ಸಾಮಾನ್ಯವಾಗಿ ಒಂದೇ ದ್ವಾರವಿದ್ದಿತು. ಅದು ಆಂಟೆನಾದ ದ್ವಾರ. ಪೆಟ್ಟಿಗೆಯ ಒಳಗಿನ ಮಂಡಲಕ್ಕೆ ನೇರವಾಗಿ ತಂತಿ ಬೆಸೆಯುವುದು ಅಪಾಯಕರ. ಏಕೆಂದರೆ ಎಷ್ಟೋ ಟೆಲಿವಿಷನ್ನುಗಳ ಲೋಹದ ಚೌಕಟ್ಟಿಗೇ ವಿದ್ಯುತ್ತಿನ ಸಂಪರ್ಕವಿರುತ್ತಿದ್ದಿತು. ಆದುದರಿಂದ ಹೊಸ ಯಂತ್ರವು ತನ್ನ ಚಿತ್ರವನ್ನು ರೇಡಿಯೋ ಆವರ್ತನದ ಅಲೆಯ ಮೇಲೆ ಏರಿಸಿ ಆಂಟೆನಾದ ದ್ವಾರದಿಂದಲೇ ಒಳಹೊಗಿಸಬೇಕಾಯಿತು. ಈ ಕೆಲಸವನ್ನು ಮಾಡುವ ಸಾಧನಕ್ಕೆ ಮಾಡ್ಯುಲೇಟರ್ ಎಂದು ಹೆಸರು. ಅಮೆರಿಕದಲ್ಲಿ ಮೂರನೆಯ ಅಥವಾ ನಾಲ್ಕನೆಯ ಚಾನೆಲ್ಲಿನಲ್ಲಿ, ಆ ಊರಿನಲ್ಲಿ ಯಾವುದು ಖಾಲಿಯಿದ್ದಿತೋ ಅದರಲ್ಲಿ, ಈ ಚಿತ್ರ ಕಾಣುತ್ತಿದ್ದಿತು. ಎಂದರೆ ಗಣಕಯಂತ್ರವು ಪ್ರಸಾರ ನಿಲಯದ ವೇಷವನ್ನು ಧರಿಸಿ ಮನೆಯ ಟೆಲಿವಿಷನ್ನನ್ನು ಪ್ರವೇಶಿಸಿತು. ತನ್ನ ಮುಂದೆ ಬಂದಿರುವುದು ನೂರು ಮೈಲಿ ದೂರದ ನಿಲಯವೋ ಮೇಜಿನ ಮೇಲಣ ಪೆಟ್ಟಿಗೆಯೋ ಎಂಬುದನ್ನು ಟೆಲಿವಿಷನ್ ಅರಿಯದು, ಕೇಳುವುದೂ ಇಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಣ ಕಾಲದಲ್ಲಿ ಬದಲಾದುದು ಮುಖ್ಯವಾಗಿ ಇದೇ.

ಕರ್ನಾಟಕದ ಅನುಭವದಲ್ಲಿಯೂ ಇದಕ್ಕೆ ಹತ್ತಿರದ ಒಂದು ನಿದರ್ಶನ ದೊರೆಯುತ್ತದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟೆಲಿವಿಷನ್ ಶಿಕ್ಷಣದ ಪ್ರಯೋಗ ನಡೆಯಿತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಉಪಗ್ರಹದ ಸಂಕೇತವನ್ನು ಟೆಲಿವಿಷನ್ ಗ್ರಹಿಸಬಲ್ಲ ರೂಪಕ್ಕೆ ಪರಿವರ್ತಿಸುವ ಸಾಧನವೊಂದನ್ನು ಅಲ್ಲಿ ಟೆಲಿವಿಷನ್ನಿಗೆ ಸೇರಿಸಬೇಕಾಗಿದ್ದಿತು. ತನಗೆ ತಿಳಿದ ಭಾಷೆಯಲ್ಲಿ ಮಾತನಾಡಿದವರನ್ನೆಲ್ಲ ಆ ಕಾಲದ ಟೆಲಿವಿಷನ್ ಒಳಕ್ಕೆ ಬಿಟ್ಟುಕೊಳ್ಳುತ್ತಿದ್ದಿತು.

4. ನೆರೆಮನೆಯ ದೂರು

1973ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೇಡಿಯೋ-ಎಲೆಕ್ಟ್ರಾನಿಕ್ಸ್ ಪತ್ರಿಕೆಯು ಡಾನ್ ಲ್ಯಾಂಕಾಸ್ಟರನ ಟಿವಿ ಟೈಪ್‌ರೈಟರ್ ಎಂಬ ಸಾಧನದ ವಿವರಣೆಯನ್ನು ಪ್ರಕಟಿಸಿತು. ಸಾಮಾನ್ಯ ಟೆಲಿವಿಷನ್ನಿನ ಮೇಲೆ ಸಾಲಿಗೆ 32 ಅಕ್ಷರಗಳಂತೆ 16 ಸಾಲುಗಳನ್ನು ಬರೆಯಲು ಅದರಿಂದ ಸಾಧ್ಯವಾಗುತ್ತಿದ್ದಿತು. ಹವ್ಯಾಸಿಗಳಲ್ಲಿ ಇದು ಹೊಸದೊಂದು ಉತ್ಸಾಹವನ್ನು ಹುಟ್ಟಿಸಿತು. ಮನೆಯ ತೆರೆಯ ಮೇಲೆ ಮನೆಯವನೇ ಬರೆದ ಅಕ್ಷರ ಮೂಡಿತು. 1976ರಲ್ಲಿ ಬಂದ ಆಪಲ್-1 ಮತ್ತು 1977ರಲ್ಲಿ ಬಂದ ಆಪಲ್-2 ಈ ಸಂಪ್ರದಾಯಕ್ಕೆ ಸೇರಿದುವು. ಗಣಕಯಂತ್ರಕ್ಕೆಂದೇ ಪ್ರತ್ಯೇಕವಾದ ತೆರೆಯನ್ನು ಕೊಳ್ಳುವ ಶಕ್ತಿ ಸಾಮಾನ್ಯ ಸಂಸಾರಕ್ಕೆ ಇರಲಿಲ್ಲವಾದುದರಿಂದ, ಇದ್ದ ಟೆಲಿವಿಷನ್ನನ್ನೇ ಬಳಸುವುದು ಅನಿವಾರ್ಯವಾಗಿದ್ದಿತು.

ಆದರೆ ಪ್ರಸಾರ ನಿಲಯದ ವೇಷ ತೊಟ್ಟವನು ಆ ನಿಲಯಕ್ಕಿದ್ದ ಕಟ್ಟುಪಾಡುಗಳಿಂದಲೂ ತಪ್ಪಿಸಿಕೊಳ್ಳಲಾರನಷ್ಟೆ. ಗಣಕಯಂತ್ರದಿಂದ ಹೊರಟ ರೇಡಿಯೋ ಅಲೆಗಳು ಆಂಟೆನಾದ ಮೂಲಕವೂ ಪೆಟ್ಟಿಗೆಯ ಸಂದುಗಳ ಮೂಲಕವೂ ಸೋರಿ ನೆರೆಮನೆಯ ಟೆಲಿವಿಷನ್ನಿನ ಚಿತ್ರವನ್ನು ಕೆಡಿಸಬಲ್ಲವಾಗಿದ್ದುವು. ಅಮೆರಿಕದ ಸಂಪರ್ಕ ಆಯೋಗವು ಈ ಬಗೆಯ ಸಾಧನಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದಿತು. ಈ ತೊಡಕಿನಿಂದ ಪಾರಾಗಲು ಕಂಪೆನಿಗಳು ಹಿಡಿದ ದಾರಿಗಳು ನಾನಾ ಬಗೆ. ಆಪಲ್-2ರ ಒಳಗೆ ಮಾಡ್ಯುಲೇಟರನ್ನೇ ಇಡಲಿಲ್ಲ. ಬೇರೊಂದು ಕಂಪೆನಿಯು ಅದನ್ನು ಪ್ರತ್ಯೇಕವಾಗಿ ಮಾರಿತು, ಕೊಂಡವರು ತಾವೇ ಜೋಡಿಸಿಕೊಂಡರು. 1979ರಲ್ಲಿ ಮಾರಾಟಕ್ಕೆ ಬಂದ ಅಟಾರಿ ಯಂತ್ರಗಳ ಒಳಗೆ ಅಲೆಗಳನ್ನು ತಡೆಯುವ ಎರಕದ ಅಲ್ಯೂಮಿನಿಯಂ ಕವಚವನ್ನು ಹೊದಿಸಲಾಯಿತು. ಅದೇ ವರ್ಷದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಯಂತ್ರವನ್ನು ಮಾನಿಟರಿನೊಡನೆ ಸೇರಿಸಿ 1150 ಡಾಲರುಗಳಿಗೆ ಮಾರಬೇಕಾಯಿತು. 1977ರ ಟಿಆರ್‌ಎಸ್-80 ಯಂತ್ರದ ಜತೆಗೆ ಕೊಡುತ್ತಿದ್ದ ಮಾನಿಟರಾದರೋ ಚಾನೆಲ್ ಹಿಡಿಯುವ ಭಾಗವನ್ನು ತೆಗೆದುಹಾಕಿದ ಒಂದು ಕಪ್ಪು-ಬಿಳುಪಿನ ಟೆಲಿವಿಷನ್ನೇ ಆಗಿದ್ದಿತು.

ಆಯೋಗವು 1979ರಲ್ಲಿ ಗಣಕಯಂತ್ರಗಳಿಗೆಂದೇ ಹೊಸ ನಿಯಮಗಳನ್ನು ಮಾಡಿ, ವ್ಯಾಪಾರ ಸ್ಥಳಗಳಲ್ಲಿ ಬಳಸುವ ಯಂತ್ರಗಳಿಗಿಂತ ಮನೆಗಳಲ್ಲಿ ಬಳಸುವ ಯಂತ್ರಗಳಿಗೆ ಹೆಚ್ಚು ಬಿಗಿಯಾದ ಮಿತಿಯನ್ನು ವಿಧಿಸಿತು. ಈ ಕಾನೂನಿನ ಸ್ವರೂಪವನ್ನು ಗಮನಿಸುವುದು ಅವಶ್ಯ. ಗೃಹಸ್ಥನು ತನ್ನ ತೆರೆಯ ಮೇಲೆ ಏನನ್ನು ನೋಡುತ್ತಾನೆಂಬುದು ಅದಕ್ಕೆ ಬೇಕಾಗಿರಲಿಲ್ಲ. ಅವನ ಯಂತ್ರವು ನೆರೆಯವನ ನೋಟಕ್ಕೆ ಅಡ್ಡಿಯಾಗದಿದ್ದರೆ ಸಾಕಾಗಿದ್ದಿತು.

5. ಅಗ್ಗದ ತೆರೆ ಮತ್ತು ಅದರ ಮಿತಿ

ಟೆಲಿವಿಷನ್ನನ್ನು ತೆರೆಯಾಗಿ ಬಳಸಿದುದರಿಂದ ಗಣಕಯಂತ್ರದ ಬೆಲೆ ಬಹಳವಾಗಿ ಇಳಿಯಿತು. ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆಯು 1980ರಲ್ಲಿ ಝಡ್‌ಎಕ್ಸ್80 ಎಂಬ ಯಂತ್ರವನ್ನು 99.95 ಪೌಂಡುಗಳಿಗೂ 1981ರಲ್ಲಿ ಝಡ್‌ಎಕ್ಸ್81 ಎಂಬುದನ್ನು 69.95 ಪೌಂಡುಗಳಿಗೂ ಮಾರಿತು. ಈ ಅಗ್ಗತನಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. ಝಡ್‌ಎಕ್ಸ್80ರಲ್ಲಿ ಲೆಕ್ಕ ಮಾಡುವುದು, ಟೆಲಿವಿಷನ್ನಿಗೆ ಚಿತ್ರವನ್ನು ಒದಗಿಸುವುದು ಈ ಎರಡು ಕೆಲಸಗಳನ್ನೂ ಒಂದೇ ಸಂಸ್ಕಾರಕವು ಮಾಡಬೇಕಾಗಿದ್ದುದರಿಂದ, ಯಂತ್ರವು ಲೆಕ್ಕದಲ್ಲಿ ತೊಡಗಿದಾಗ ತೆರೆಯ ಮೇಲೆ ಚಿತ್ರವೇ ಇರುತ್ತಿರಲಿಲ್ಲ. ಕೀಲಿಯನ್ನು ಒತ್ತಿದಾಗಲೆಲ್ಲ ಚಿತ್ರ ಮಿಟುಕುತ್ತಿದ್ದಿತು. ಝಡ್‌ಎಕ್ಸ್81 ಚಿತ್ರವನ್ನು ಉಳಿಸಿಕೊಂಡೇ ಲೆಕ್ಕ ಮಾಡಬಲ್ಲುದಾಗಿತ್ತು. ಆದರೆ ಆಗ ಅದರ ವೇಗ ತೀರ ಕುಂದುತ್ತಿದ್ದಿತು.

ಟೆಲಿವಿಷನ್ನಿನ ಮಿತಿಗಳು ಇಷ್ಟಕ್ಕೆ ಮುಗಿಯಲಿಲ್ಲ. ಯೂರೋಪಿನ ಬಹುಭಾಗದಲ್ಲಿಯೂ ಭಾರತದಲ್ಲಿಯೂ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಅಮೆರಿಕದ ಪದ್ಧತಿಯಲ್ಲಿ 525. ಇವನ್ನು ಒಮ್ಮೆಗೇ ಎಳೆಯದೆ, ಮೊದಲು ಬೆಸ ಗೆರೆಗಳನ್ನು, ಬಳಿಕ ಸಮ ಗೆರೆಗಳನ್ನು ಎಳೆದು ಚಿತ್ರವನ್ನು ಪೂರ್ಣಗೊಳಿಸುವುದು ಕ್ರಮ. ಚಲಿಸುವ ಮನುಷ್ಯರನ್ನೂ ಬೆಟ್ಟ ಗುಡ್ಡಗಳನ್ನೂ ತೋರಿಸಲು ಇದು ಸಾಕು. ನಿಶ್ಚಲವಾದ ಸಣ್ಣ ಅಕ್ಷರಗಳನ್ನು ಓದಲು ಸಾಲದು. ಸಾಲಿಗೆ 80 ಅಕ್ಷರಗಳನ್ನು ಹಾಕಿದರೆ ಅವು ಒಂದಕ್ಕೊಂದು ಕಲಸಿಹೋಗುತ್ತಿದ್ದುವು. ಆಪಲ್-2, ಕಮೊಡೋರ್-64 ಮೊದಲಾದ ಯಂತ್ರಗಳು ಸಾಲಿಗೆ 40 ಅಕ್ಷರಗಳಿಗೆ ತೃಪ್ತಿಪಟ್ಟುದಕ್ಕೆ ಕಾರಣ ಮುಖ್ಯವಾಗಿ ಇದೇ. ಇದಲ್ಲದೆ, ನಳಿಕೆಯಲ್ಲಿ ಚಿತ್ರದ ಗಾತ್ರ ಸ್ಥಿರವಾಗಿ ನಿಲ್ಲುತ್ತಿರಲಿಲ್ಲವಾದ ಕಾರಣ, ಅಂಚಿನಲ್ಲಿ ಕಪ್ಪು ಪಟ್ಟಿ ಕಾಣದಿರಲೆಂದು ತಯಾರಕರು ಚಿತ್ರವನ್ನು ತೆರೆಗಿಂತ ತುಸು ದೊಡ್ಡದಾಗಿಯೇ ಹರಡುತ್ತಿದ್ದರು. ಅಂಚಿನ ಭಾಗ ಚೌಕಟ್ಟಿನ ಮರೆಗೆ ಸರಿಯುತ್ತಿದ್ದಿತು. ಆದುದರಿಂದಲೇ ಆ ಕಾಲದ ಗಣಕಯಂತ್ರಗಳು ಅಕ್ಷರಗಳ ಸುತ್ತಲೂ ಅಗಲವಾದ ಅಂಚನ್ನು ಬಿಟ್ಟು ಬರೆಯುತ್ತಿದ್ದುವು.

ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತಾದರೂ ಬೆಂಗಳೂರಿನ ದೂರದರ್ಶನ ಕೇಂದ್ರ ಪ್ರಾರಂಭವಾದುದು 1981ರ ನವೆಂಬರ್ 1ರಂದು. ವರ್ಣಪ್ರಸಾರ ಬಂದುದು 1982ರಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಟೆಲಿವಿಷನ್ ಮನೆಮನೆಗೂ ಹರಡಿದ ಮೇಲೆ ಗಣಕಯಂತ್ರ ಬಂದಿತು. ನಮ್ಮಲ್ಲಿ ಎರಡೂ ಹೆಚ್ಚು ಅಂತರವಿಲ್ಲದೆ ಬಂದುವು. 1984ರಲ್ಲಿ ಕೇಂದ್ರ ಸರ್ಕಾರವು ಕ್ಲಾಸ್ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಲ್ಲಿ ಗಣಕಶಿಕ್ಷಣವನ್ನು ಆರಂಭಿಸಿದಾಗ ಆರಿಸಿಕೊಂಡುದು ಬ್ರಿಟನ್ನಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೋ ಯಂತ್ರವನ್ನು. ಈ ಯಂತ್ರದ ಬೆನ್ನಿನಲ್ಲಿ ಮೂರು ಬಗೆಯ ಚಿತ್ರದ್ವಾರಗಳಿದ್ದುವು: ಟೆಲಿವಿಷನ್ನಿನ ಆಂಟೆನಾಕ್ಕೆ ಒಂದು, ಸಾಧಾರಣ ಮಾನಿಟರಿಗೆ ಒಂದು, ಕೆಂಪು-ಹಸಿರು-ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಕಳುಹಿಸುವ ಒಳ್ಳೆಯ ಮಾನಿಟರಿಗೆ ಒಂದು. ಕೊಳ್ಳುವವರ ಆರ್ಥಿಕ ಅಂತಸ್ತುಗಳೂ ಈ ಮೂರು ದ್ವಾರಗಳಲ್ಲಿ ಕಾಣುವುವೆಂದರೆ ತಪ್ಪಾಗದು.

ಕನ್ನಡ ಲಿಪಿಯ ದೃಷ್ಟಿಯಿಂದಲೂ ಈ ಮಿತಿಯನ್ನು ಪರಿಶೀಲಿಸಬಹುದು. ಸುಮಾರು 200 ಗೆರೆಗಳಲ್ಲಿ 24 ಅಥವಾ 25 ಸಾಲುಗಳನ್ನು ಹೊಂದಿಸಿದರೆ ಒಂದು ಸಾಲಿಗೆ ದೊರೆಯುವುದು ಎಂಟು ಗೆರೆ. ರೋಮನ್ ಲಿಪಿಯ ಅಕ್ಷರಕ್ಕೆ ಎಂಟು ಗೆರೆಗಳಷ್ಟು ಎತ್ತರ ಸಾಕಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಮೂಲಾಕ್ಷರದ ಕೆಳಗೆ ಒತ್ತು, ಅದರ ಪಕ್ಕದಲ್ಲಿ ಇನ್ನೊಂದು ಒತ್ತು ಬರುವ ಕನ್ನಡಕ್ಕೆ ಅದು ಏನೇನೂ ಸಾಲದು. ಸಾಲಿಗೆ ಹದಿನಾರು ಗೆರೆಗಳನ್ನು ಕೊಟ್ಟರೆ ತೆರೆಯ ಮೇಲೆ ಹನ್ನೆರಡು ಸಾಲುಗಳು ಮಾತ್ರ ಉಳಿಯುತ್ತವೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಲಿಪಿಗಳಿಗಾಗಿ ಹೊರತಂದ ಜಿಸ್ಟ್ ಕಾರ್ಡು ಕಚೇರಿಯ ಗಣಕಯಂತ್ರದ ಒಳಗೆ ಕೂರುವಂತಹುದು. ಮನೆಯ ಟೆಲಿವಿಷನ್ನಿನ ಎಂಟು ಗೆರೆಗಳ ಚೌಕ ನಮ್ಮ ಅಕ್ಷರಕ್ಕೆ ಒದಗಿಬರುವಂತಿರಲಿಲ್ಲ.

6. ಅಗಲಿಕೆ

ಕಚೇರಿಯ ಗಣಕಯಂತ್ರವು ಟೆಲಿವಿಷನ್ನಿನಿಂದ ಬೇಗನೆ ದೂರ ಸರಿಯಿತು. 1981ರ ಐಬಿಎಂ ಯಂತ್ರಕ್ಕೆ ಎರಡು ಬಗೆಯ ಚಿತ್ರಕಾರ್ಡುಗಳಿದ್ದುವು. ಬಣ್ಣದ ಕಾರ್ಡು ಟೆಲಿವಿಷನ್ನಿನ ಗತಿಯನ್ನೇ ಅನುಸರಿಸುತ್ತಿದ್ದಿತು. ಅಕ್ಷರಗಳಿಗೆಂದೇ ಇದ್ದ ಏಕವರ್ಣದ ಕಾರ್ಡು ತನ್ನದೇ ಮಾನಿಟರನ್ನು ಬೇಡುತ್ತಿದ್ದಿತು. 1987ರ ಏಪ್ರಿಲಿನಲ್ಲಿ ಅದೇ ಕಂಪೆನಿಯು ವಿಜಿಎ ಎಂಬ ಪದ್ಧತಿಯನ್ನು ತಂದ ಮೇಲೆ ಅಗಲಿಕೆ ಪೂರ್ಣವಾಯಿತು. ವಿಜಿಎ ಚಿತ್ರದಲ್ಲಿ 480 ಗೆರೆಗಳು. ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣುವ ಗೆರೆಗಳೂ ಸುಮಾರು ಅಷ್ಟೇ. ಆದರೆ ಟೆಲಿವಿಷನ್ ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಅರ್ಧ ಗೆರೆಗಳನ್ನು ಎಳೆದರೆ ವಿಜಿಎ ಅಷ್ಟೇ ಕಾಲದಲ್ಲಿ ಎಲ್ಲ ಗೆರೆಗಳನ್ನೂ ಎಳೆಯುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 31,500 ಗೆರೆ. ಟೆಲಿವಿಷನ್ನಿನದು ಸುಮಾರು 15,700. ಒಂದರ ನಡೆಗೆ ಇನ್ನೊಂದು ಹೆಜ್ಜೆ ಹಾಕಲಾರದು. ಆದುದರಿಂದ ಸುಮಾರು ಹದಿನೈದು ವರ್ಷಗಳ ಕಾಲ ಇವೆರಡನ್ನೂ ಜೋಡಿಸಲು ನಡುವೆ ಒಂದು ಪರಿವರ್ತಕ ಅಗತ್ಯವಾಯಿತು.

ಲ್ಯಾಪ್‌ಟಾಪಿನ ಬೆಳವಣಿಗೆ ಇದೇ ಕಾಲದ್ದು. 1981ರ ಆಸ್ಬಾರ್ನ್-1 ಎಂಬ ಹೊತ್ತೊಯ್ಯಬಹುದಾದ ಯಂತ್ರದ ತೆರೆ ಐದು ಅಂಗುಲದ ನಳಿಕೆ. 1985ರ ತೋಷಿಬಾ ಟಿ1100ರಲ್ಲಿ ನಳಿಕೆಯ ಬದಲು ದ್ರವಸ್ಫಟಿಕದ ಚಪ್ಪಟೆ ತೆರೆ ಇದ್ದಿತು. ಅದಕ್ಕೆ ಹಿಂಬೆಳಕು ಇರಲಿಲ್ಲ. ಹೊತ್ತೊಯ್ಯುವ ಅನುಕೂಲಕ್ಕಾಗಿ ತೆರೆಯನ್ನು ಚಿಕ್ಕದಾಗಿಸಿದ್ದರಿಂದ ದೊಡ್ಡ ತೆರೆಗೆ ಜೋಡಿಸುವ ಅಗತ್ಯ ಲ್ಯಾಪ್‌ಟಾಪಿನೊಡನೆಯೇ ಹುಟ್ಟಿತೆನ್ನಬಹುದು. 1990ರ ದಶಕದಲ್ಲಿಯೂ ಅನಂತರವೂ ಅನೇಕ ಲ್ಯಾಪ್‌ಟಾಪುಗಳಿಗೆ ಎಸ್-ವಿಡಿಯೋ ಎಂಬ ದುಂಡನೆಯ ದ್ವಾರವನ್ನು ಇಡಲಾಗುತ್ತಿತ್ತು. ಒಳಗಿನ ಪರಿವರ್ತಕವು ಚಿತ್ರವನ್ನು ಟೆಲಿವಿಷನ್ನಿನ ಗತಿಗೆ ಇಳಿಸುತ್ತಿದ್ದಿತು. ಒಂದೇ ಗೆರೆಯಷ್ಟು ದಪ್ಪದ ಅಡ್ಡರೇಖೆಯು ಬೆಸ-ಸಮ ಸರದಿಯಲ್ಲಿ ಸಿಕ್ಕಿ ಮಿನುಗುತ್ತಿದ್ದುದರಿಂದ, ಅಕ್ಕಪಕ್ಕದ ಗೆರೆಗಳನ್ನು ಬೆರೆಸಿ ಮಿನುಗನ್ನು ತಗ್ಗಿಸುತ್ತಿದ್ದರು. ಆಗ ಅಕ್ಷರಗಳು ಮಸುಕಾಗುತ್ತಿದ್ದುವು. ಮಿನುಗು, ಮಸುಕು ಎರಡರಲ್ಲಿ ಒಂದನ್ನು ಬಳಕೆದಾರನು ಸಹಿಸಬೇಕಾಗಿದ್ದಿತು.

7. ಪರಿಚಯ ಮತ್ತು ಪಹರೆ

ಟೆಲಿವಿಷನ್ ಕೂಡ ಚಪ್ಪಟೆಯಾಗಿ ಅಂಕೀಯವಾದಾಗ ಎರಡು ಯಂತ್ರಗಳೂ ಮತ್ತೆ ಕೂಡಿದುವು. 1999ರಲ್ಲಿ ಗಣಕಯಂತ್ರದ ಕಡೆಯಿಂದ ಡಿವಿಐ ಎಂಬ ಅಂಕೀಯ ಪದ್ಧತಿ ಬಂದಿತು. ಅದರ ಆಧಾರದ ಮೇಲೆ ಹಿಟಾಚಿ, ಮತ್ಸುಷಿತ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಷಿಬಾ ಕಂಪೆನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಪದ್ಧತಿಯ ಮೊದಲ ರೂಪವನ್ನು ಪ್ರಕಟಿಸಿದುವು. ಹತ್ತೊಂಬತ್ತು ಸಂಪರ್ಕಬಿಂದುಗಳ ಈ ಕೇಬಲ್ಲಿನಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೆ ಸಾಗುತ್ತವೆ. ಗಣಕಯಂತ್ರದಲ್ಲಿ ವಿಜಿಎ ದ್ವಾರವನ್ನು ಕೈಬಿಡುವುದಾಗಿ 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ ಮೊದಲಾದ ಕಂಪೆನಿಗಳು ಘೋಷಿಸಿದುವು.

ಹಳೆಯ ಜೋಡಣೆಯಲ್ಲಿ ಸಂಕೇತವು ಗಣಕಯಂತ್ರದಿಂದ ತೆರೆಯ ಕಡೆಗೆ ಮಾತ್ರ ಹರಿಯುತ್ತಿದ್ದಿತು. ಹೊಸ ಜೋಡಣೆಯಲ್ಲಿ ತೆರೆಯೂ ಮಾತನಾಡುತ್ತದೆ. 1994ರಲ್ಲಿ ರೂಪಿತವಾದ ಇಡಿಐಡಿ ಎಂಬ ನಿಯಮದ ಪ್ರಕಾರ ತೆರೆಯು ತನ್ನ ತಯಾರಕರು ಯಾರು, ತಾನು ಎಷ್ಟು ಬಿಂದುಗಳ ಚಿತ್ರವನ್ನು ತೋರಿಸಬಲ್ಲೆ ಎಂಬ ವಿವರವನ್ನು 128 ಬೈಟುಗಳ ಒಂದು ಪರಿಚಯಪತ್ರದಲ್ಲಿ ಗಣಕಯಂತ್ರಕ್ಕೆ ತಿಳಿಸುತ್ತದೆ. ಕೇಬಲ್ಲು ಸೇರಿಸಿದೊಡನೆ ಚಿತ್ರ ತಾನಾಗಿ ಹೊಂದಿಕೊಳ್ಳುವುದಕ್ಕೆ ಇದೇ ಕಾರಣ. ಆದರೂ ಅಂಕೀಯ ಟೆಲಿವಿಷನ್ನುಗಳಲ್ಲಿ ಅನೇಕವು ಹಳೆಯ ನಳಿಕೆಯಂತೆ ಚಿತ್ರವನ್ನು ಹಿಗ್ಗಿಸಿ ಅಂಚನ್ನು ಮರೆಮಾಡುವ ಪದ್ಧತಿಯನ್ನು ಬಿಡಲಿಲ್ಲ. ನಾವು ಮೊದಲಿಗೆ ಹೇಳಿದ ಒಂದನೆಯ ತೊಡಕಿನ ಮೂಲ ಇದು. ನಳಿಕೆ ಹೋಯಿತು, ನಳಿಕೆಯ ರೂಢಿ ಉಳಿಯಿತು. ಟೆಲಿವಿಷನ್ನಿನ ಚಿತ್ರಗಾತ್ರದ ಪಟ್ಟಿಯಲ್ಲಿ ಚಿತ್ರವನ್ನು ಹಿಗ್ಗಿಸದೆ ಇದ್ದಂತೆಯೇ ತೋರಿಸುವ ಆಯ್ಕೆಯನ್ನು ಹಿಡಿದರೆ ಅಂಚುಗಳು ಮರಳಿ ಬರುತ್ತವೆ.

ಎರಡನೆಯ ತೊಡಕು ಬೇರೆ ಜಾತಿಯದು. ವಿಡಿಯೋ ರೆಕಾರ್ಡರಿನಲ್ಲಿ ಕಾರ್ಯಕ್ರಮವನ್ನು ಮುದ್ರಿಸಿಟ್ಟುಕೊಂಡು ಆಮೇಲೆ ನೋಡುವುದು ಅಪರಾಧವಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರ ಜನವರಿಯಲ್ಲಿ, ಸೋನಿ ಕಂಪೆನಿಯ ಮೇಲೆ ಚಲನಚಿತ್ರ ಸಂಸ್ಥೆಗಳು ಹೂಡಿದ್ದ ಮೊಕದ್ದಮೆಯಲ್ಲಿ, ಐವರು ನ್ಯಾಯಾಧೀಶರ ಬಹುಮತದಿಂದ ತೀರ್ಪಿತ್ತಿತು. ಆಗ ಗೃಹಸ್ಥನ ಪಕ್ಷ ಗೆದ್ದಿತು. ಅನಂತರದ ಕಾಲದಲ್ಲಿ ನ್ಯಾಯಾಲಯದ ಜತೆಗೆ ಯಂತ್ರದ ಒಳಗೂ ತಡೆಗಳು ಎದ್ದುವು. ಇಂಟೆಲ್ ಸಂಸ್ಥೆಯು 2000ದಲ್ಲಿ ಪ್ರಕಟಿಸಿದ ಎಚ್‌ಡಿಸಿಪಿ ಎಂಬ ವಿಧಾನದಲ್ಲಿ, ರಕ್ಷಿತ ಚಿತ್ರವನ್ನು ಕಳುಹಿಸುವ ಮುನ್ನ ಯಂತ್ರವು ಎದುರಿನ ತೆರೆಯಿಂದ ರಹಸ್ಯವಾದ ಗುರುತನ್ನು ಕೇಳುತ್ತದೆ. ಅದರ ಮೊದಲ ರೂಪದಲ್ಲಿ ಪ್ರತಿಯೊಂದು ಅನುಮತಿ ಪಡೆದ ಸಾಧನಕ್ಕೂ 56 ಬಿಟ್ಟುಗಳ 40 ಕೀಲಿಸಂಖ್ಯೆಗಳನ್ನು ಕೊಡಲಾಗಿದ್ದಿತು. ಗುರುತು ಸರಿಹೊಂದದಿದ್ದರೆ ಚಿತ್ರ ಬರುವುದಿಲ್ಲ, ಇಲ್ಲವೆ ಕೆಳದರ್ಜೆಯದಾಗಿ ಬರುತ್ತದೆ. ಬಂದವನು ಯಾರೆಂದು ಕೇಳದ ಹಳೆಯ ಆಂಟೆನಾ ದ್ವಾರವನ್ನು ಇಲ್ಲಿ ಸ್ಮರಿಸಬೇಕು. ಆಗ ಕಾನೂನಿಗೆ ಬೇಕಾಗಿದ್ದುದು ನೆರೆಯವನ ಹಿತ. ಈಗ ಕೇಬಲ್ಲಿಗೆ ಬೇಕಾಗಿರುವುದು ಗೃಹಸ್ಥನ ಮೇಲಣ ಪಹರೆ.

ಈ ಪಹರೆಯು ಕಳ್ಳನನ್ನು ತಡೆದಿದೆಯೆ? 2010ರ ಸೆಪ್ಟೆಂಬರಿನಲ್ಲಿ ಎಚ್‌ಡಿಸಿಪಿಯ ಮೂಲ ಕೀಲಿಸಂಖ್ಯೆಯೇ ಬಹಿರಂಗವಾಯಿತು. ಅದು ನಿಜವಾದುದೆಂದು ಇಂಟೆಲ್ ಸಂಸ್ಥೆಯೂ ಒಪ್ಪಿಕೊಂಡಿತು. ಆದರೆ ಹಳೆಯ ಪ್ರೊಜೆಕ್ಟರನ್ನೋ ಅಗ್ಗದ ಪರಿವರ್ತಕವನ್ನೋ ಬಳಸುವ ಪ್ರಾಮಾಣಿಕನ ತೆರೆ ಇಂದಿಗೂ ಕಪ್ಪಾಗುತ್ತದೆ. ಭಾರತದ ಕೃತಿಸ್ವಾಮ್ಯ ಶಾಸನದ 52ನೆಯ ವಿಧಿಯು, ಶಿಕ್ಷಣ ಸಂಸ್ಥೆಯ ಚಟುವಟಿಕೆಗಳ ಅಂಗವಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಇರುವ ಸಭೆಯಲ್ಲಿ ಚಲನಚಿತ್ರವನ್ನು ಪ್ರದರ್ಶಿಸಿದರೆ ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯಿಂದ ಸೇರಿದ 65ಎ ವಿಧಿಯು ತಾಂತ್ರಿಕ ರಕ್ಷಣೆಯನ್ನು ಮುರಿಯುವವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಆದರೆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ಶಾಸನವು ಉದ್ದೇಶವನ್ನು ವಿಚಾರಿಸುತ್ತದೆ. ಕೇಬಲ್ಲು ಉದ್ದೇಶವನ್ನು ಅರಿಯದು. ಶಾಸನವು ತರಗತಿಗೆ ಕೊಟ್ಟ ಅನುಮತಿಯನ್ನು ಕೇಬಲ್ಲು ತರಗತಿಯ ಗೋಡೆಯ ಬಳಿಯೇ ನಿರಾಕರಿಸಬಲ್ಲುದು. ತಂತಿಯಿಲ್ಲದ ಹೊಸ ಜೋಡಣೆಗಳೂ ಈ ಪಹರೆಯಿಂದ ಬಿಡುಗಡೆ ಹೊಂದಿಲ್ಲ. 2012ರಲ್ಲಿ ಬಂದ ಮಿರಾಕಾಸ್ಟ್ ಪದ್ಧತಿಯಲ್ಲಿಯೂ ಅದಕ್ಕೆ ಸ್ಥಾನವಿದೆ.

8. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಎರಡೂ ಮುಖ್ಯ.

ಮೊದಲನೆಯದು ಆಧಾರಗಳಿಗೆ ಸಂಬಂಧಪಟ್ಟುದು. ಹಳೆಯ ಗಣಕಯಂತ್ರದ ಚಿತ್ರವು ಆ ಯಂತ್ರದಲ್ಲಿ ಅರ್ಧ, ಟೆಲಿವಿಷನ್ನಿನಲ್ಲಿ ಅರ್ಧ ಇದ್ದಿತು. ಆಪಲ್-2 ಯಂತ್ರವು ಕಳುಹಿಸುತ್ತಿದ್ದುದು ಒತ್ತೊತ್ತಾದ ಚುಕ್ಕೆಗಳ ವಿನ್ಯಾಸವನ್ನು; ಅಮೆರಿಕದ ವರ್ಣಟೆಲಿವಿಷನ್ ತನ್ನ ಸ್ವಭಾವದ ಒಂದು ದೌರ್ಬಲ್ಯದಿಂದ ಅದನ್ನು ಬಣ್ಣವೆಂದು ಭ್ರಮಿಸುತ್ತಿದ್ದಿತು. ಯಂತ್ರದ ಕರ್ತೃ ಸ್ಟೀವ್ ವಾಜ್ನಿಯಾಕ್ ಆ ಭ್ರಮೆಯನ್ನೇ ಉಪಯೋಗಿಸಿಕೊಂಡಿದ್ದನು. ಅದೇ ಸ್ಮೃತಿಯನ್ನು ಇಂದಿನ ತೆರೆಯ ಮೇಲೆ ಇದ್ದಂತೆಯೇ ಮೂಡಿಸಿದರೆ ಕಾಣುವುದು ಕಪ್ಪು-ಬಿಳುಪಿನ ಪಟ್ಟೆಗಳು ಮಾತ್ರ. 1980ರ ದಶಕದ ಬೆಳಕಿನ ಬಂದೂಕಿನ ಆಟಗಳು ಚಪ್ಪಟೆ ತೆರೆಯ ಮುಂದೆ ನಡೆಯುವುದೇ ಇಲ್ಲ. ನಳಿಕೆಯಲ್ಲಿ ಕಿರಣ ಸಂಚರಿಸುವ ಕಾಲಗತಿಯನ್ನು ಅವು ನಂಬಿದ್ದುವು. ಆದಕಾರಣ ಕ್ರಮವಿಧಿಗಳನ್ನು ಮಾತ್ರ ಕಾಪಾಡಿ ನಳಿಕೆಯ ಟೆಲಿವಿಷನ್ನುಗಳನ್ನು ಗುಜರಿಗೆ ಹಾಕುವುದು, ತಾಳೆಯೋಲೆಯನ್ನು ಉಳಿಸಿಕೊಂಡು ಲಿಪಿಯನ್ನು ಓದಬಲ್ಲವರನ್ನು ಕಳೆದುಕೊಂಡಂತೆ. ಶಾಲಾ ಕಾಲೇಜುಗಳ ಉಗ್ರಾಣಗಳಲ್ಲಿ ಇಂಥ ಟೆಲಿವಿಷನ್ನುಗಳು ಇನ್ನೂ ಉಳಿದಿದ್ದರೆ ಅವುಗಳಲ್ಲಿ ಕೆಲವನ್ನಾದರೂ ಕೆಲಸ ಮಾಡುವ ಸ್ಥಿತಿಯಲ್ಲಿ ಕಾಪಾಡುವುದು ನಮ್ಮಂಥ ವಿಭಾಗಗಳ ಕರ್ತವ್ಯ.

ಎರಡನೆಯದು ಅಧಿಕಾರಕ್ಕೆ ಸಂಬಂಧಪಟ್ಟುದು. ಆಂಟೆನಾದ ಮೂಲಕ ಬಂದ ಮಸುಕು ಚಿತ್ರವನ್ನು ಯಾರೂ ಮತ್ತೆ ಬಯಸುವುದಿಲ್ಲ. ಆ ಮಸುಕು ಚಿತ್ರದ ಕಾಲದಲ್ಲಿ ತೆರೆಯು ಅದನ್ನು ಕೊಂಡವನ ಅಧೀನಕ್ಕೆ ಮೊದಲ ಬಾರಿಗೆ ಬಂದಿತು. ಚಿತ್ರ ನಿರ್ಮಲವಾದಂತೆ ಆ ಅಧೀನತೆಗೆ ಷರತ್ತುಗಳು ಸೇರಿದುವು. ಕೃತಿಕಾರನ ಹಕ್ಕನ್ನು ರಕ್ಷಿಸುವುದು ನ್ಯಾಯವಾದುದೇ. ಅದರ ಪರಿಮಿತಿಯನ್ನು ಗೊತ್ತುಮಾಡಬೇಕಾದವರು ಶಾಸನಸಭೆ ಮತ್ತು ನ್ಯಾಯಾಲಯ. ಕೇಬಲ್ಲಿನ ತುದಿಯ ಹತ್ತೊಂಬತ್ತು ಬಿಂದುಗಳಿಗೆ ಆ ಕೆಲಸವನ್ನು ಒಪ್ಪಿಸಿದುದು ಸಾಧುವೆ ಎಂಬ ಪ್ರಶ್ನೆಯನ್ನು, ತರಗತಿಯ ತೆರೆ ಮುಂದಿನ ಸಲ ಕಪ್ಪಾದಾಗ, ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಆಲೋಚಿಸಬೇಕು.